ಡ್ರೆಕ್ಲಿ ಅಂದರೆ ಯಾವಾಗ

"ಡ್ರೆಕ್ಲಿ ಬರ್ತೀನಿ, ಮೈ ಲವರ್" ಎಂದು ಹೇಳಿ ಆ ಬಡಗಿ ಫೋನ್ ಇಟ್ಟುಬಿಟ್ಟ.

ಎಡಿತ್ ಮಾರ್ಸ್‌ಡನ್ ರಿಸೀವರ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಳು. ಮುಖವನ್ನೇ ನೋಡಿರದ ಗಂಡಸೊಬ್ಬ ತನ್ನನ್ನು ಪ್ರಿಯತಮೆ ಎಂದು ಕರೆದದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಕೋ ಬೇಡವೋ ಅವಳಿಗೆ ಗೊತ್ತಾಗಲಿಲ್ಲ. ಅವನು ಬರುವುದರ ಬಗ್ಗೆ ಮಾತ್ರ ಅನುಮಾನವಿರಲಿಲ್ಲ. ಡ್ರೆಕ್ಲಿ ಎಂದರೆ ಡೈರೆಕ್ಟ್ಲಿ. ಕಾರ್ನ್‌ವಾಲಿನವರ ನಾಲಿಗೆಯ ಮೇಲೆ ಸ್ವಲ್ಪ ಸವೆದಿದೆ, ಅಷ್ಟೆ. ಡೈರೆಕ್ಟ್ಲಿ ಎಂದರೆ ತಕ್ಷಣ, ನಿಂತ ಕಾಲಲ್ಲಿ. ಇಂಗ್ಲಿಷ್ ಕಲಿಸುವುದೇ ಅವಳ ಕಸುಬು. ಇಷ್ಟು ಗೊತ್ತಿರದಿದ್ದರೆ ಹೇಗೆ.

ಕೆಟಲಿಗೆ ನೀರು ತುಂಬಿದಳು. ಹಿತ್ತಲ ಬಾಗಿಲ ಬಳಿ ಪೇರಿಸಿದ್ದ ಪೆಟ್ಟಿಗೆಗಳನ್ನು ಪಕ್ಕಕ್ಕೆ ಎಳೆದಳು. ಆ ಬಾಗಿಲೇ ಈಗಿನ ತೊಂದರೆ. ಜನವರಿಯ ತೇವ ಕುಡಿದು ಮರ ಊದಿಕೊಂಡಿತ್ತು. ಎಷ್ಟು ದಬ್ಬಿದರೂ ಮುಚ್ಚುತ್ತಿರಲಿಲ್ಲ, ಕುರ್ಚಿ ಒತ್ತಿಟ್ಟರೆ ಸಮುದ್ರದ ಗಾಳಿ ಕುರ್ಚಿಯನ್ನೇ ತಳ್ಳಿ ಒಳಗೆ ಬರುತ್ತಿತ್ತು.

ಮಧ್ಯಾಹ್ನವಾಯಿತು. ಕಡಲ ನೀರು ಇಳಿದು ಬಂದರಿನ ದೋಣಿಗಳು ಮರಳಿನ ಮೇಲೆ ಒರಗಿದವು. ನೀರು ಏರಿ ಮತ್ತೆ ಎದ್ದು ನಿಂತವು. ಬಡಗಿ ಬರಲಿಲ್ಲ. ಮರುದಿನವೂ ಬರಲಿಲ್ಲ.

ಮೂರನೆಯ ದಿನ ಅವಳು ಕೋಟು, ಶಾಲು, ಎರಡು ಜೊತೆ ಕಾಲುಚೀಲ ಹಾಕಿಕೊಂಡು ಮಲಗಿ ಎದ್ದು, ಸೀದಾ ಮನೆ ಮಾಲಕಿಯ ಅಂಗಡಿಗೆ ಹೋದಳು. ಲವ್‌ಡೇ ಎಂಬ ಆ ಮುದುಕಿ ಪೋರ್ತ್‌ಲಿನ್ ಊರಿಗೆಲ್ಲ ಬ್ರೆಡ್ಡು, ಅಂಚೆಚೀಟಿ, ಸುದ್ದಿ ಮೂರನ್ನೂ ಮಾರುತ್ತಿದ್ದಳು. ಎಡಿತ್ ಅವಳೆದುರು ಬಡಗಿಯನ್ನು ಚೆನ್ನಾಗಿ ಬೈದಳು. ಮಾತು ಉಳಿಸಿಕೊಳ್ಳಲು ಬಾರದವನು ಮಾತು ಕೊಡಬಾರದು ಎಂದಳು. ಬೇಜವಾಬ್ದಾರಿ ಮನುಷ್ಯ ಎಂದಳು. ಲವ್‌ಡೇ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡಳು.

"ಡೈರೆಕ್ಟ್ಲಿ ಅಂದ್ನಾ, ಡ್ರೆಕ್ಲಿ ಅಂದ್ನಾ?"

"ಎರಡೂ ಒಂದೇ ಅಲ್ವಾ?"

"ನಿಮ್ಮ ಲೀಡ್ಸಲ್ಲಿ ಒಂದೇ ಇರ್ಬಹುದು ಮಗಳೇ. ಇಲ್ಲಿ ಡ್ರೆಕ್ಲಿ ಅಂದ್ರೆ ಬರ್ತಾನೆ ಅಂತ. ಖಂಡಿತ ಬರ್ತಾನೆ. ಯಾವತ್ತು ಅಂತ ಮಾತ್ರ ಕೇಳ್ಬಾರ್ದು, ಅದು ಅವನಿಗೂ ಗೊತ್ತಿರಲ್ಲ."

"ಮತ್ತೆ ಆ ಮೈ ಲವರ್ ಅನ್ನೋದು?"

"ಅಯ್ಯೋ, ಅದಾ. ಹಾಲಿನವನಿಗೂ ಹಾಗೇ ಅಂತಾನೆ. ಪಾದ್ರಿಗೂ ಅಂತಾನೆ. ತಲೆಗೆ ಹಚ್ಕೋಬೇಡ." ಲವ್‌ಡೇ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. "ಸಿಕ್ಕಿದ್ರೆ ಜ್ಞಾಪಿಸ್ತೀನಿ. ನನ್ನ ಮಗನೇ ಅವನು."

ಎಡಿತ್ ಬ್ರೆಡ್ಡು ತೆಗೆದುಕೊಂಡು ಹೊರಗೆ ಬಂದಳು. ಗಾಳಿ ಜೋರಾಗಿದ್ದರಿಂದ ಕೆನ್ನೆ ಕೆಂಪಾದದ್ದು ಯಾರಿಗೂ ವಿಶೇಷ ಅನ್ನಿಸುವಂತಿರಲಿಲ್ಲ.

ಲೀಡ್ಸಿನಲ್ಲಿ ಅವಳ ಬದುಕು ಬಹಳ ವೇಗವಾಗಿ ನಡೆದಿತ್ತು. ಕ್ಲೈವ್ ಎಂಬವನು ಒಂದು ಪಾರ್ಟಿಯಲ್ಲಿ ಸಿಕ್ಕಿದ, ಆ ತಿಂಗಳೇ ಮದುವೆಯ ಮಾತೆತ್ತಿದ, ಬೇಸಿಗೆಗೆ ಮದುವೆಯಾದ, ಚಳಿಗಾಲಕ್ಕೆ ಮನೆ ಕೊಂಡ. ಎಲ್ಲದರಲ್ಲೂ ಅವನದು ಚಿಟಿಕೆ ಹೊಡೆಯುವಷ್ಟರ ಕೆಲಸ. ಬಿಟ್ಟು ಹೋಗುವಾಗಲೂ ಹಾಗೇ. ತಿಂಡಿಯ ಹೊತ್ತಿಗೆ ಹೇಳಿದ, ಊಟದ ಹೊತ್ತಿಗೆ ಅವನ ಬಟ್ಟೆಗಳು ಕಪಾಟಿನಲ್ಲಿರಲಿಲ್ಲ. ಎಡಿತ್ ಹೆಚ್ಚು ಅಳಲಿಲ್ಲ. ಅಳುವ ಮೊದಲು ವಿಷಯ ಅರ್ಥವಾಗಬೇಕಲ್ಲ, ಅದಕ್ಕೇ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಕಣ್ಣೀರಿನ ಕಾಲ ಮುಗಿದಿತ್ತು. ಕಾರ್ನ್‌ವಾಲಿನ ಹೂವಿನ ತೋಟಗಳಿಗೆ ಡ್ಯಾಫೊಡಿಲ್ ಕೀಳಲು ಪೂರ್ವ ಯೂರೋಪಿನಿಂದ ಬರುವವರಿಗೆ ಇಂಗ್ಲಿಷ್ ಕಲಿಸಲು ಒಬ್ಬರು ಬೇಕು, ಹೂವಿನ ಕಾಲ ಮುಗಿಯುವವರೆಗೆ ಕೆಲಸ ಎಂದು ಯಾರೋ ಹೇಳಿದಾಗ, ಅವಳು ನಕಾಶೆಯಲ್ಲಿ ಇಂಗ್ಲೆಂಡಿನ ಆ ಕೊನೆಯ ತುದಿಯನ್ನು ನೋಡಿ ಒಪ್ಪಿಕೊಂಡಿದ್ದಳು.

ಜೋರಿ ಟ್ರೆಂಬಾತ್ ಮುಂದಿನ ವಾರ ಒಂದು ಬೆಳಿಗ್ಗೆ ಬಂದ. ತಡವಾದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಲವತ್ತು ದಾಟಿದ, ಅಗಲ ಭುಜದ ಮನುಷ್ಯ. ಹುಬ್ಬಿನ ಮೇಲೆ ಮರದ ಹೊಟ್ಟು ಕೂತಿತ್ತು. ದೋಣಿ ಕಟ್ಟುವುದು ಅವನ ಮುಖ್ಯ ಕೆಲಸ, ಬಾಗಿಲು ಕಿಟಕಿ ಬಿಡುವಿನದು. ಅವನು ಬಾಗಿಲನ್ನು ಕೀಲಿನಿಂದ ಬಿಚ್ಚಿ, ಅಂಗಳದಲ್ಲಿ ಮಲಗಿಸಿ, ಅದರ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಅಂಚನ್ನು ತೆಳ್ಳಗೆ ಹೆರೆಯತೊಡಗಿದ. ಹೆರೆದ, ನಿಲ್ಲಿಸಿ ನೋಡಿದ, ಮತ್ತೆ ಹೆರೆದ.

ಬಾಗಿಲಿಲ್ಲದ ಅಡುಗೆಮನೆಯಲ್ಲಿ ನಡುಗುತ್ತ ನಿಂತ ಎಡಿತ್, ಇದು ಎಷ್ಟು ಹೊತ್ತಿನ ಕೆಲಸ ಎಂದು ಕೇಳಿದಳು.

"ನಿಮಗೇನಾದ್ರೂ ಅರ್ಜೆಂಟ್ ಇದ್ಯಾ ಟೀಚರ್?"

"ನನಗೆ ಚಳಿ ಇದೆ."

ಅವನು ಮೊದಲ ಸಲ ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದ. ಕೆಲಸದ ಹಾಗೆಯೇ ನೋಟವೂ ನಿಧಾನ. ಶಾಲಿನಿಂದ ಶುರುವಾಗಿ, ಮೂಗಿನ ತುದಿಯ ಕೆಂಪಿನಲ್ಲಿ ಸ್ವಲ್ಪ ತಂಗಿ, ಕಣ್ಣಿಗೆ ಬಂತು. ಎಡಿತ್ ಬೇರೆ ಕಡೆ ನೋಡಬೇಕೆಂದುಕೊಂಡಳು, ಅಷ್ಟರಲ್ಲಿ ಹೊತ್ತು ಮೀರಿತ್ತು. ಅವನು ಎದ್ದು ತನ್ನ ದಪ್ಪ ಉಣ್ಣೆಯ ಕೋಟು ಬಿಚ್ಚಿ, ಕೈಗೆ ಕೊಡದೆ ಕುರ್ಚಿಯ ಬೆನ್ನಿಗೆ ತಗುಲಿಸಿ, ಮತ್ತೆ ಹೋಗಿ ಕೂತ. ಬೇಕಿದ್ದರೆ ಹಾಕಿಕೊಳ್ಳಿ, ಬೇಡವಾದರೆ ಅದು ಕುರ್ಚಿಯ ಮೇಲೆ ಇಟ್ಟ ಕೋಟು.

ಅವಳು ಸ್ವಲ್ಪ ಹೊತ್ತು ತಡೆದಳು. ಆಮೇಲೆ ಹಾಕಿಕೊಂಡಳು. ಅದರಿಂದ ದೇವದಾರು, ಡಾಂಬರು, ಉಪ್ಪಿನ ವಾಸನೆ ಬರುತ್ತಿತ್ತು.

ಸಂಜೆಗೆ ಬಾಗಿಲು ಒಂದು ಬೆರಳಲ್ಲಿ ತಳ್ಳಿದರೂ ಮುಚ್ಚುವಂತಾಯಿತು. "ಮುಗೀತಾ?" ಎಂದಳು ಎಡಿತ್. "ಇನ್ನೊಂದ್ಸಲ ಬಂದು ಬಣ್ಣ ಹೊಡೀಬೇಕು" ಎಂದ ಅವನು. ಯಾವಾಗ ಎಂದು ಅವಳು ಕೇಳಲಿಲ್ಲ. ಅವನ ಬಾಯಿಯ ಮೂಲೆ ಒಂಚೂರು ಅಲುಗಿದ್ದನ್ನು ಮಾತ್ರ ನೋಡಿದಳು.

ಪಾಠ ನಡೆಯುತ್ತಿದ್ದುದು ಚಾಪೆಲ್ಲಿನ ಹಿಂದಿನ ಹಾಲಿನಲ್ಲಿ. ದಿನವಿಡೀ ಬಗ್ಗಿ ಹೂ ಕಿತ್ತು ಸೊಂಟ ಬಿದ್ದ ಹುಡುಗ ಹುಡುಗಿಯರು ಕೈ ತೊಳೆದು, ಬೆರಳ ಸಂದಿಯಲ್ಲಿ ಹಸಿರು ಕಲೆ ಉಳಿಸಿಕೊಂಡೇ ಬಂದು ಕೂರುತ್ತಿದ್ದರು. ಅವರಲ್ಲಿ ಚುರುಕಾದವಳು ಬಲ್ಗೇರಿಯಾದ ದೆಸಿಸ್ಲಾವಾ. ಎಡಿತ್‌ಗೆ ಎಲ್ಲಕ್ಕಿಂತ ಇಷ್ಟದ ಪಾಠ ವೇಗದ ಮಾತುಗಳದು. ಕ್ವಿಕ್ಲಿ, ಫಾಸ್ಟ್, ಅಟ್ ಒನ್ಸ್ ಎಂದು ಶುರುಮಾಡಿ, ಆಮೇಲೆ ಇಂಗ್ಲಿಷರ ಮನೆಮಾತಿನೊಳಗೆ ಇಳಿಯುತ್ತಿದ್ದಳು. ಟೋಪಿ ಕೆಳಗೆ ಬೀಳುವಷ್ಟರಲ್ಲಿ. ಬಂದೂಕಿನ ಗುಂಡು ಹಾರಿದ ಹಾಗೆ. ಕುರಿಮರಿ ಎರಡು ಸಲ ಬಾಲ ಅಲ್ಲಾಡಿಸುವಷ್ಟರಲ್ಲಿ. ಈ ಕೊನೆಯದಕ್ಕೆ ಹುಡುಗಿಯರು ಪ್ರತಿ ವರ್ಷ ಎಲ್ಲ ಊರಿನಲ್ಲೂ ನಗುತ್ತಾರೆ. ಇಲ್ಲಿಯೂ ನಕ್ಕರು.

ತೋಟದ ಸೂಪರ್‌ವೈಸರ್ ಮಾತುಮಾತಿಗೆ ಡ್ರೆಕ್ಲಿ ಅನ್ನುತ್ತಾನಲ್ಲ, ಹಾಗಂದರೇನು ಎಂದು ದೆಸಿಸ್ಲಾವಾ ಕೇಳಿದ್ದು ಎಡಿತ್ ಊರಿಗೆ ಬಂದ ಮೊದಲ ದಿನಗಳಲ್ಲಿ, ಬಾಗಿಲು ಕೈಕೊಡುವುದಕ್ಕೂ ಮುಂಚೆ. ಎಡಿತ್ ಆಗ ಯೋಚನೆಯೇ ಮಾಡದೆ ಹೇಳಿದ್ದಳು: ತಕ್ಷಣ, ಕೈಯಲ್ಲಿದ್ದದ್ದನ್ನು ಬಿಟ್ಟು. ಆಮೇಲೆ ತಿದ್ದಬೇಕಿತ್ತು. ಮರೆತಳು.

ಅದರ ಫಲ ಫೆಬ್ರವರಿಯಲ್ಲಿ ಬಂತು. ಒಂದು ಬೆಳಿಗ್ಗೆ ಸೂಪರ್‌ವೈಸರ್, ಟ್ರೇಗಳನ್ನು ಡ್ರೆಕ್ಲಿ ಲಾರಿಗೆ ಹಾಕಿ ಎಂದು ಹೇಳಿ ಬೇರೆ ಹೊಲಕ್ಕೆ ಹೋದ. ದೆಸಿಸ್ಲಾವಾ ಎಲ್ಲರಿಗೂ ಕೂಗಿ ಹೇಳಿದಳು. ಕೀಳುತ್ತಿದ್ದವರು ಕೀಳುವುದನ್ನು ಬಿಟ್ಟು, ಅರ್ಧ ತುಂಬಿದ ಟ್ರೇಗಳನ್ನೇ ದಡಬಡ ಲಾರಿಗೆ ಏರಿಸಿದರು. ಡ್ರೈವರ್ ಹೊರಟುಬಿಟ್ಟ. ಟ್ರೇಗಳೂ ಲಾರಿಯ ಜೊತೆಗೇ ಹೋದದ್ದರಿಂದ ಕೀಳದೆ ಉಳಿದ ಮೊಗ್ಗುಗಳು ಮರುದಿನದ ಬಿಸಿಲಿಗೆ ಹೊಲದ ತುಂಬ ಹಳದಿಯಾಗಿ ಅರಳಿ ನಿಂತವು. ನೋಡಲು ಬಹಳ ಚೆಂದವಿತ್ತು. ಅರಳಿದ ಡ್ಯಾಫೊಡಿಲ್ಲನ್ನು ಯಾರೂ ಕೊಳ್ಳುವುದಿಲ್ಲ. ದೆಸಿಸ್ಲಾವಾಳನ್ನು ಊರಿಗೆ ವಾಪಸ್ ಕಳಿಸುತ್ತೇನೆಂದು ಸೂಪರ್‌ವೈಸರ್ ಹಟ ಹಿಡಿದು ಕೂತ.

ಹುಡುಗಿ ಸಂಜೆ ಪಾಠಕ್ಕೆ ಬಂದು, ಅಳದೆ, "ಟೀಚರ್, ನೀವು ಕಲಿಸಿದ್ದು ತಪ್ಪು" ಎಂದಳು.

ಎಡಿತ್ ಮರುದಿನ ಬೆಳಿಗ್ಗೆಯೇ ತೋಟಕ್ಕೆ ನಡೆದು ಹೋದಳು. ಶೆಡ್ಡಿನಲ್ಲಿ ಸೂಪರ್‌ವೈಸರ್ ಎದುರು ನಿಂತು, ತಪ್ಪು ತನ್ನದು, ಹುಡುಗಿ ತಾನು ಹೇಳಿಕೊಟ್ಟಂತೆ ನಡೆದುಕೊಂಡಳು, ಕಳಿಸುವುದಿದ್ದರೆ ತನ್ನನ್ನು ಕಳಿಸಿ ಎಂದಳು. ಮೂಲೆಯಲ್ಲಿ ಯಾರೋ ಕೆಮ್ಮಿದರು. ಜೋರಿ ಅಲ್ಲಿ ಮುರಿದ ಬೆಂಚೊಂದನ್ನು ರಿಪೇರಿ ಮಾಡುತ್ತಿದ್ದ.

"ಅಲ್ಲ ಕಣೋ," ಎಂದ ಅವನು ಸೂಪರ್‌ವೈಸರ್‌ಗೆ. ಇಬ್ಬರೂ ಒಂದೇ ಸ್ಕೂಲಿನಲ್ಲಿ ಓದಿದವರು. "ನಮ್ಮೂರಲ್ಲಿ ಡ್ರೆಕ್ಲಿ ಅಂದ ಕೂಡ್ಲೇ ಕೆಲಸ ಮಾಡೋರು ಹುಟ್ಟಿದ್ದೇ ಈಗ. ಅವರನ್ನೂ ಓಡಿಸ್ತೀಯಾ?"

ಸೂಪರ್‌ವೈಸರ್ ಬೈದುಕೊಂಡ, ಆದರೆ ಬೈಗುಳದ ಕೊನೆಯಲ್ಲಿ ನಕ್ಕುಬಿಟ್ಟ. ದೆಸಿಸ್ಲಾವಾ ಉಳಿದಳು.

ಜೋರಿ ತನ್ನ ವ್ಯಾನಿನಲ್ಲಿ ಎಡಿತ್‌ಳನ್ನು ಊರಿಗೆ ಕರೆತಂದ. ತಿರುವಿನಲ್ಲಿ ಕಡಲು ಕಾಣಿಸಿದಾಗ ಎಡಿತ್‌ಗೆ ಇದ್ದಕ್ಕಿದ್ದಂತೆ ನಗು ಬಂತು. ಅರ್ಧ ಖಾಲಿ ಲಾರಿ ಗಂಭೀರವಾಗಿ ಹೊರಟು ಹೋಗುವುದು ಕಣ್ಣಿಗೆ ಕಟ್ಟಿತ್ತು. ಎಷ್ಟು ತಡೆದರೂ ನಿಲ್ಲಲಿಲ್ಲ. ಜೋರಿ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ, ನಗು ಮುಗಿಯುವವರೆಗೆ ಸ್ಟೀರಿಂಗ್ ಮೇಲೆ ಕೈಯಿಟ್ಟು ಕಾದ.

"ಎಷ್ಟು ದಿನ ಆಗಿತ್ತು?" ಎಂದು ಕೇಳಿದ.

"ಏನು?"

"ಹೀಗೆ ನಕ್ಕು."

ಅವಳು ಕಣ್ಣೊರೆಸಿಕೊಂಡು, ಒಂದು ಸಂಜೆ ಪಾಠಕ್ಕೆ ಬಂದು ಈ ಊರಿನ ಮಾತುಗಳನ್ನು ಹುಡುಗರಿಗೆ ಹೇಳಿಕೊಡಬಹುದೇ ಎಂದು ಕೇಳಿದಳು. ಅವನು ಏನು ಹೇಳಿದನೆಂದು ಬೇರೆ ಹೇಳಬೇಕಾಗಿಲ್ಲ.

ಬಂದ, ಮಾರ್ಚ್ ಶುರುವಾದ ಮೇಲೆ. ಆ ದಿನ ಎಡಿತ್ ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಿದ್ದಳು. ಎಡತುದಿಯಲ್ಲಿ ಅತಿ ನಿಧಾನ, ಬಲತುದಿಯಲ್ಲಿ ಅತಿ ವೇಗ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಒಂದೊಂದು ಮಾತನ್ನು ಅದರ ಜಾಗದಲ್ಲಿ ಬರೆಯುತ್ತಿದ್ದರು. ಇನ್ ಎ ಜಿಫಿ ಮೊದಲೋ ಅಟ್ ಒನ್ಸ್ ಮೊದಲೋ ಎಂದು ಜಗಳವಾಗುತ್ತಿತ್ತು. ಡ್ರೆಕ್ಲಿಯನ್ನು ಎಲ್ಲಿ ಬರೆಯಬೇಕೆಂದು ದೆಸಿಸ್ಲಾವಾ ಜೋರಿಯನ್ನು ಕೇಳಿದಳು. ಅವನು ಎದ್ದು ಬಂದು, ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ಬಹಳ ಹೊತ್ತು ಯೋಚಿಸಿ, ಕೊನೆಗೆ ಬೋರ್ಡನ್ನು ಬಿಟ್ಟು ಪಕ್ಕದ ಗೋಡೆಯ ಮೇಲೆ ಬರೆದ. ಚಾಪೆಲ್ಲಿನ ಗೋಡೆ ಒರೆಸಿ ಕೊಡಬೇಕೆಂದು ಎಡಿತ್ ಗದರಿಸಿದಳು. ಒರೆಸುತ್ತೇನೆ ಎಂದ. ಯಾವಾಗ ಎಂದು ಇಡೀ ಕ್ಲಾಸು ಒಂದೇ ದನಿಯಲ್ಲಿ ಕೇಳಿತು, ಒಂದೇ ದನಿಯಲ್ಲಿ ಉತ್ತರವನ್ನೂ ಹೇಳಿತು.

ಅಲ್ಲಿಂದ ಮುಂದೆ ಅವರು ಜೊತೆಯಲ್ಲಿ ಕಾಣಿಸತೊಡಗಿದರು. ಭಾನುವಾರ ಬಂಡೆಯ ಮೇಲಿನ ದಾರಿಯಲ್ಲಿ ನಡೆಯುತ್ತಿದ್ದರು. ಅವನ ದೋಣಿ ಕಟ್ಟುವ ಶೆಡ್ಡಿನಲ್ಲಿ ಕೂತು ಲವ್‌ಡೇ ಮಾಡಿದ, ಮಾಂಸ ಆಲೂಗಡ್ಡೆ ತುಂಬಿದ ಬಿಸಿ ಪ್ಯಾಸ್ಟಿ ತಿನ್ನುತ್ತಿದ್ದರು. ಅವನು ದೋಣಿಯ ಹಲಗೆಯನ್ನು ಆವಿಯಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಬಗ್ಗಿಸುವುದನ್ನು ಎಡಿತ್ ನೋಡುತ್ತ ಕೂರುತ್ತಿದ್ದಳು. ಆತುರಪಟ್ಟರೆ ಸೀಳುತ್ತದೆ ಎಂದು ಅವನು ಒಮ್ಮೆ ಹೇಳಿದ. ಅದು ಹಲಗೆಯ ಮಾತೇ ಆಗಿತ್ತು, ಆದರೂ ಅವಳ ಕಿವಿ ಬಿಸಿಯಾಯಿತು.

"ಟೀಚರ್, ನೀವು ನನ್ನ ಕೈ ನೋಡ್ತೀರಾ, ಹಲಗೆ ನೋಡ್ತೀರಾ?"

"ಹಲಗೆ."

"ಹಲಗೆ ಆ ಕಡೆ ಇದೆ."

ಅವಳು ಪ್ಯಾಸ್ಟಿಯ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡಳು.

ಹಾಗೆ ಕೂತಿದ್ದ ಒಂದು ಮಧ್ಯಾಹ್ನವೇ ಅವನ ಸೊಂಟದ ಪೇಜರ್ ಕೂಗಿದ್ದು. ಕಡಲಲ್ಲಿ ಅಪಾಯಕ್ಕೆ ಸಿಕ್ಕವರನ್ನು ಉಳಿಸಲು ಹೋಗುವ ಊರಿನ ಲೈಫ್‌ಬೋಟಿನಲ್ಲಿ ಅವನೂ ಒಬ್ಬ ಸ್ವಯಂಸೇವಕನೆಂದು ಎಡಿತ್‌ಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ನೋಡುವುದು ಬೇರೆ. ಅವನು ಹೇಳುತ್ತಿದ್ದ ವಾಕ್ಯ ಅರ್ಧಕ್ಕೆ ನಿಂತಿತು. ಬಗ್ಗುತ್ತಿದ್ದ ಹಲಗೆ ಕೈಬಿಟ್ಟು ಚಟ್ಟನೆ ನೆಟ್ಟಗಾಯಿತು. ಕುರ್ಚಿ ಬಿತ್ತು. ಬಾಗಿಲಿಂದ ಅವಳು ಇಣುಕುವಷ್ಟರಲ್ಲಿ ಆ ಭಾರಿ ಮೈ ಇಳಿಜಾರಿನ ಕೆಳಗೆ, ಬಂದರಿನ ಕಲ್ಲುಗಳ ಮೇಲೆ ಹುಡುಗನಂತೆ ಓಡುತ್ತಿತ್ತು. ಬೇರೆ ಬೇರೆ ಬಾಗಿಲುಗಳಿಂದ ಇನ್ನೂ ಕೆಲವರು ಹೊರಬಿದ್ದು ಓಡುತ್ತಿದ್ದರು. ಒಬ್ಬನ ಕೆನ್ನೆಯ ಮೇಲೆ ಕ್ಷೌರದ ಸಾಬೂನಿತ್ತು. ಕಿತ್ತಳೆ ಬಣ್ಣದ ದೋಣಿ ಜಾರುಹಾದಿಯಿಂದ ನೀರಿಗೆ ಬಿದ್ದ ಸದ್ದು ಕೇಳಿತು.

ಆ ದಿನ ದಾರಿ ತಪ್ಪಿದ ಹಾಯಿದೋಣಿಯೊಂದನ್ನು ಎಳೆದು ತಂದು, ಅವನು ಟೀ ಹೊತ್ತಿಗೆ ವಾಪಸಾಗಿದ್ದ. ಹೊಸ ಹಲಗೆಯನ್ನು ಬೇಯಿಸಲು ಇಡುತ್ತ, ಅರ್ಧಕ್ಕೆ ನಿಂತಿದ್ದ ವಾಕ್ಯವನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದ. ಎಡಿತ್ ಕೇಳಿಸಿಕೊಳ್ಳಲಿಲ್ಲ. ತನಗೆ ಈ ಮನುಷ್ಯ ಬೇಕು ಎಂದು ಅವಳು ಆ ಮಧ್ಯಾಹ್ನ ತಿಳಿದುಕೊಂಡಿದ್ದಳು, ಹವಾಮಾನ ವರದಿ ಓದಿದಷ್ಟು ತಣ್ಣಗೆ.

ಏಪ್ರಿಲ್ಲಿನಲ್ಲಿ ಹೂವಿನ ಕಾಲ ಮುಗಿಯಿತು. ದೆಸಿಸ್ಲಾವಾ ಮತ್ತು ಗೆಳತಿಯರು ಎಡಿತ್‌ಳನ್ನು ಒಬ್ಬೊಬ್ಬರಾಗಿ ಅಪ್ಪಿಕೊಂಡು ಬಸ್ಸು ಹತ್ತಿದರು. ಅದೇ ವಾರ ಲೀಡ್ಸಿನ ಕಾಲೇಜೊಂದರಿಂದ ಫೋನ್ ಬಂತು. ಖಾಯಂ ಕೆಲಸ, ಒಳ್ಳೆಯ ಸಂಬಳ. ಶುಕ್ರವಾರದೊಳಗೆ ಉತ್ತರ ಹೇಳಬೇಕು. ಇಲ್ಲಿಯೇ ಉಳಿದರೆ, ಬೇಸಿಗೆಯ ತರಕಾರಿ ಕೀಳುವವರಿಗೆ ವಾರದಲ್ಲಿ ಕೆಲವು ಸಂಜೆಯ ಪಾಠ, ಅಷ್ಟೆ.

ಗುರುವಾರ ಅವಳು ಶೆಡ್ಡಿಗೆ ಹೋಗಿ ಜೋರಿಗೆ ಹೇಳಿದಳು. ಅವನು ಮರಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದವನು ಉಜ್ಜುತ್ತಲೇ ಇದ್ದ.

"ಒಳ್ಳೇ ಕೆಲಸ ತಾನೇ" ಎಂದ.

"ಒಳ್ಳೇದೇ."

"ಹೋಗ್ತೀರಾ ಹಾಗಾದ್ರೆ."

"ಅದನ್ನೇ ಕೇಳೋಕೆ ಬಂದೆ."

ಅವನು ಮರದ ಮೇಲಿನ ಪುಡಿಯನ್ನು ಊದಿದ. ನೋಡೋಣ, ಅದರ ಬಗ್ಗೆ ನಿಧಾನವಾಗಿ ಮಾತಾಡೋಣ ಎಂದೇನೋ ಅಂದ. ಅವಳು ಅವನ ಕೈಯಿಂದ ಉಪ್ಪುಕಾಗದವನ್ನು ತೆಗೆದು ಬೆಂಚಿನ ಮೇಲಿಟ್ಟಳು.

"ಜೋರಿ, ಹೆಸರೇ ಗೊತ್ತಿಲ್ದೋರಿಗೋಸ್ಕರ ನೀವು ಅರ್ಧ ವಾಕ್ಯ ಬಿಟ್ಟು ಓಡ್ತೀರಿ. ಇಷ್ಟು ದಿನದಿಂದ ನಿಮ್ಮ ಎದುರಿಗೆ ಕೂತಿದ್ದೀನಿ. ನನಗೆ ಒಂದು ಮಾತು ಹೇಳೋಕೆ ನಿಮಗೆ ಇನ್ನೂ ಟೈಮ್ ಬೇಕಾ?"

ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ. ಅವನು ದೋಣಿಯ ಅಂಚಿಗೆ ಒರಗಿ ಹೇಳಿದ. ಅವನ ಅಪ್ಪನೂ ಲೈಫ್‌ಬೋಟಿನಲ್ಲಿದ್ದ. ಜೋರಿ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ದಿನ ಹೋದವನು ತಿರುಗಿ ಬರಲಿಲ್ಲ.

"ಅಮ್ಮ ಅಡುಗೆಮನೆ ಕಿಟಕಿ ಹತ್ರ ನಿಂತಿರ್ತಿದ್ಲು. ಅಪ್ಪ ಇದ್ದಾಗ್ಲೂ ನಿಂತಿರ್ತಿದ್ಲು, ಹೋದ್ಮೇಲೂ. ವರ್ಷಗಟ್ಟಲೆ. ಸ್ಕೂಲಿಂದ ಬಂದ್ರೆ ನನಗೆ ಮೊದ್ಲು ಕಾಣ್ತಿದ್ದಿದ್ದು ಅವಳ ಬೆನ್ನು. ಇನ್ನೊಬ್ಬಳನ್ನ ಆ ಕಿಟಕಿಗೆ ನಿಲ್ಸೋಕೆ ನನ್ನ ಕೈಲಾಗಲ್ಲ ಟೀಚರ್."

"ಹಾಗಾದ್ರೆ ಲೈಫ್‌ಬೋಟ್ ಬಿಡಿ."

"ಅದೂ ಆಗಲ್ಲ."

ಬಿಡಲಾರನೆಂದು ಅವಳಿಗೆ ಗೊತ್ತಿತ್ತು. ಬಿಟ್ಟರೆ ಅವನು ಬೇರೆ ಯಾರೋ ಆಗಿಬಿಡುತ್ತಾನೆಂದೂ ಗೊತ್ತಿತ್ತು. ಮನೆಗೆ ಬಂದಳು. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದು, ಬರದಿದ್ದಾಗ ಊಟ ಮಾಡಿ ಮಲಗಿದಳು.

ಶುಕ್ರವಾರ ಬೆಳಿಗ್ಗೆ ಬಿರುಗಾಳಿ ಎದ್ದಿತು. ಎಡಿತ್ ಮನೆಯ ಕೀಲಿಕೈಯ ಬಗ್ಗೆ ಮಾತಾಡಲೆಂದು ಲವ್‌ಡೇಯ ಅಂಗಡಿಗೆ ಹೋಗುವಾಗ ಗಂಡಸರು ಬಂದರಿನ ಕಡೆ ಓಡುವುದನ್ನು ಕಂಡಳು. ಅವರ ನಡುವೆ ಆ ಅಗಲ ಭುಜವನ್ನೂ ಕಂಡಳು. ಪಕ್ಕದ ಊರಿನ ಏಡಿ ಹಿಡಿಯುವ ದೋಣಿಯೊಂದು ಬಂಡೆಗೆ ಬಡಿದಿದೆ, ಅದರಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದಾರೆ ಎಂದು ಅಂಗಡಿಯಲ್ಲಿ ಯಾರೋ ಹೇಳಿದರು.

ಲವ್‌ಡೇ ಅಂಗಡಿ ಮುಚ್ಚಿ ಅವಳನ್ನು ಹಿಂದಿನ ಅಡುಗೆಮನೆಗೆ ಕರೆದೊಯ್ದಳು. ಅಲ್ಲಿ ಆ ಕಿಟಕಿಯಿತ್ತು. ಅದರಾಚೆ ಬಂದರು, ಬೂದು ನೀರು, ನೊರೆ. ಎಡಿತ್ ತನಗೇ ತಿಳಿಯದೆ ಹೋಗಿ ಅದರೆದುರು ನಿಂತಳು. ಲವ್‌ಡೇ ಅವಳ ಕೈಗೆ ಒಂದು ಚಾಕು, ಒಂದು ಬುಟ್ಟಿ ಆಲೂಗಡ್ಡೆ ಕೊಟ್ಟಳು.

"ಸಿಪ್ಪೆ ತೆಗಿ. ವಾಪಸ್ ಬರೋರಿಗೆ ಹಸಿವಾಗಿರುತ್ತೆ."

ಎಡಿತ್ ಸಿಪ್ಪೆ ತೆಗೆದಳು. ಸ್ವಲ್ಪ ಹೊತ್ತಾದ ಮೇಲೆ, ಕೇಳಬಾರದೆಂದುಕೊಂಡಿದ್ದನ್ನು ಕೇಳಿದಳು. ನೀವು ವರ್ಷಗಟ್ಟಲೆ ಈ ಕಿಟಕಿಯ ಮುಂದೆ ನಿಂತು ಕಾದಿರಂತೆ, ಜೋರಿ ಹೇಳಿದ ಎಂದಳು.

ಲವ್‌ಡೇ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದಳು. ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

"ಪಾತ್ರೆ ತೊಳಿಯೋ ಸಿಂಕ್ ಎಲ್ಲಿದೆ ನೋಡು."

ಸಿಂಕ್ ಕಿಟಕಿಯ ಕೆಳಗೇ ಇತ್ತು.

"ಮೂರು ಹೊತ್ತು ಅಲ್ಲೇ ನಿಲ್ಬೇಕು, ಇನ್ನೆಲ್ಲಿ ನಿಲ್ಲೋದು? ಅತ್ತಿಲ್ಲ ಅನ್ನಲ್ಲ. ತುಂಬಾ ಅತ್ತಿದ್ದೀನಿ, ಪಾತ್ರೆ ತೊಳ್ಕೊಂಡೇ ಅತ್ತಿದ್ದೀನಿ. ಆದ್ರೆ ಅವರಪ್ಪನ ಜೊತೆ ಇದ್ದೆನಲ್ಲ, ಆ ವರ್ಷಗಳು. ಮುಂದೆ ಹೀಗಾಗುತ್ತೆ ಅಂತ ಮೊದ್ಲೇ ಗೊತ್ತಿದ್ರೂ ಅವನನ್ನೇ ಮದ್ವೆ ಆಗ್ತಿದ್ದೆ. ಈಗ ಆ ಬಾಗಿಲಲ್ಲಿ ಬಂದು ನಿಂತ್ರೂ ಆಗ್ತೀನಿ." ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು. "ಇಷ್ಟು ವರ್ಷ ಇದನ್ನ ತಲೇಲಿ ಇಟ್ಕೊಂಡಿದ್ನಾ ಆ ಮಂಕ? ಒಂದ್ಸಲ ಕೇಳ್ಬಾರ್ದಿತ್ತಾ?"

ಎಡಿತ್ ಆಲೂಗಡ್ಡೆಗಳನ್ನು ಮುಗಿಸಿದಳು. ಕೈ ತೊಳೆದು, ಫೋನ್ ಬಳಸಬಹುದೇ ಎಂದು ಕೇಳಿ, ಲೀಡ್ಸಿನ ಕಾಲೇಜಿಗೆ ಬರುವುದಿಲ್ಲವೆಂದು ಹೇಳಿದಳು. ಆ ಕಡೆಯ ಹೆಂಗಸು ಕಾರಣ ಕೇಳಿದಾಗ, ಇಲ್ಲಿ ಇನ್ನೂ ಪಾಠಗಳಿವೆ ಎಂದಳು. ಅದು ಸುಳ್ಳಾಗಿರಲಿಲ್ಲ. ಫೋನ್ ಇಟ್ಟು ಮತ್ತೆ ಬಂದಾಗ ಲವ್‌ಡೇ ಕ್ಯಾರೆಟ್ಟಿನ ಬುಟ್ಟಿಯನ್ನು ಅವಳತ್ತ ಸರಿಸಿದಳು.

ಲೈಫ್‌ಬೋಟ್ ಬಂದರಿಗೆ ಮರಳಿದಾಗ ಗಾಳಿ ಇಳಿದು, ಮೋಡದ ಅಂಚಿನಲ್ಲಿ ಸಂಜೆಯ ಬಿಸಿಲು ಕಾಣಿಸಿಕೊಂಡಿತ್ತು. ಸುದ್ದಿ ಅಂಗಡಿಗೆ ಮೊದಲು ಬಂತು. ಅಣ್ಣ ಬದುಕಿದ. ತಮ್ಮನೂ ಸಿಕ್ಕಿದ, ತಡವಾಗಿ ಸಿಕ್ಕಿದ, ಉಸಿರಿರಲಿಲ್ಲ. ನೀರಿಗಿಳಿದು ಅವನನ್ನು ಎತ್ತಿದವನು ಜೋರಿ. ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಎಡಿತ್ ಬಂದರಿಗೆ ಹೋಗಲಿಲ್ಲ. ಅಲ್ಲಿ ಆ ಹುಡುಗನ ಮನೆಯವರಿದ್ದರು. ಅವಳು ಮನೆಗೆ ಹೋಗಿ ಒಲೆ ಹೊತ್ತಿಸಿದಳು. ಕೆಲವರು ದಾರಿಯಲ್ಲಿ ಹಾದುಹೋಗುವ ಸದ್ದು ಕೇಳಿತು. ಆಮೇಲೆ ಒಬ್ಬರದೇ ಹೆಜ್ಜೆ, ಭಾರವಾದದ್ದು, ಗೇಟಿನ ಬಳಿ ನಿಂತಿತು.

ಬಾಗಿಲು ತೆರೆದಾಗ ಜೋರಿ ಮೆಟ್ಟಿಲ ಮೇಲೆ ಕೂತಿದ್ದ. ಲೈಫ್‌ಬೋಟ್ ಸ್ಟೇಷನ್ನಿನಲ್ಲಿ ಬಿಚ್ಚಿಡಬೇಕಾದ ಹಳದಿ ಬೂಟುಗಳಲ್ಲೇ ಊರು ದಾಟಿ ಬಂದಿದ್ದ. ಅದು ಅವನಿಗೆ ತಿಳಿದಿರಲಿಲ್ಲ. ಕೂದಲಲ್ಲಿ ಉಪ್ಪು ಕಟ್ಟಿತ್ತು. ಬೂಟು ಎಳೆಯಲು ನೋಡುತ್ತಿದ್ದ, ಬೆರಳುಗಳು ಮಡಚುತ್ತಿರಲಿಲ್ಲ. ಎಡಿತ್ ಅವನ ಮುಂದೆ, ಒದ್ದೆ ಕಲ್ಲಿನ ಮೇಲೆ ಮಂಡಿಯೂರಿ ಕೂತಳು. ಅವನ ಎರಡೂ ಕೈಗಳನ್ನು ತನ್ನ ಕಂಕುಳ ಸಂದಿಯಲ್ಲಿ ಸೇರಿಸಿ ಹಿಡಿದುಕೊಂಡಳು. ಅವು ಕಲ್ಲಿನಷ್ಟು ತಣ್ಣಗಿದ್ದವು. ಹಾಗೆಯೇ ಇದ್ದರು. ಬಹಳ ಹೊತ್ತಾದ ಮೇಲೆ ಆ ಬೆರಳುಗಳು ಒಂದೊಂದಾಗಿ ಅಲುಗಿದವು.

ಫೋನ್ ಮಾಡಿದ ವಿಷಯವನ್ನು ಅವಳು ಹೇಳಲಿಲ್ಲ. ಅದು ತನ್ನ ತೀರ್ಮಾನವಾಗಿತ್ತು. ಅವನದು ಅವನಿಂದಲೇ ಬರಬೇಕಿತ್ತು.

"ಹೋಗ್ಬೇಡ" ಎಂದ ಅವನು. ಉಪ್ಪುನೀರಿನಿಂದ ಗಂಟಲು ಒಡೆದಿತ್ತು. "ನನಗೆ ಸರಿಯಾಗಿ ಹೇಳೋಕೆ ಬರಲ್ಲ. ಹೋಗ್ಬೇಡ. ಇಲ್ಲೇ ಇರು."

ಎಡಿತ್ ಅವನ ಮುಖವನ್ನು ನೋಡಿದಳು. ಆತುರವಿಲ್ಲದೆ, ಹುಬ್ಬಿನಿಂದ ಗದ್ದದವರೆಗೆ, ಪೂರ್ತಿಯಾಗಿ ನೋಡಿದಳು. ಆಮೇಲೆ ಅವನ ಕೈಗಳನ್ನು ಬಿಡಿಸಿ ಅವನ ಮಡಿಲಲ್ಲಿಟ್ಟು, ಎಡಗಾಲಿನ ಬೂಟನ್ನು ಹಿಮ್ಮಡಿಯ ಬಳಿ ಹಿಡಿದುಕೊಂಡಳು.

"ಇರ್ತೀನಿ. ಕಾಲು ಎತ್ತು."

ಅವನು ಎತ್ತಿದ. ಅವಳು ಎಳೆದಳು. ಬೂಟು ಮೊದಲು ಬರಲಿಲ್ಲ, ಆಮೇಲೆ ಒಮ್ಮೆಲೇ ಬಂದುಬಿಟ್ಟಿತು. ಅದರೊಳಗಿನ ಸಮುದ್ರವೆಲ್ಲ ಅವಳ ಮಡಿಲಿಗೆ ಸುರಿಯಿತು.